ಝೋಬೆಲ್ ಮರೀನ್ ಬ್ರಾತ್ 2216: ಬೆಳೆಸಲು ಸೈ, ಸಿಡೆರೋಫೋರ್ ಹುಡುಕಲು ಬೇಡ

ಸಮುದ್ರದ ಬ್ಯಾಕ್ಟೀರಿಯಾ ಜೊತೆ ಕೆಲಸ ಮಾಡುವ ಲ್ಯಾಬಿನ ಕಪಾಟು ತೆಗೆದರೆ ಝೋಬೆಲ್ ಮರೀನ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಪುಡಿಯ ಡಬ್ಬಿ ಇದ್ದೇ ಇರುತ್ತದೆ. ಪುಡಿ ತೂಗಿ, ಡಿಸ್ಟಿಲ್ಡ್ ವಾಟರ್‌ಗೆ ಹಾಕಿ, ಬಿಸಿ ಮಾಡಿ ಕರಗಿಸಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿದರೆ ಮುಗೀತು. ವಿಬ್ರಿಯೋ, ಹ್ಯಾಲೋಮೊನಾಸ್, ಮರಿನೋಬ್ಯಾಕ್ಟರ್, ಆಲ್ಟೆರೋಮೊನಾಸ್, ಯಾವುದನ್ನು ಹಾಕಿದರೂ ಮರುದಿನ ಬೆಳಗ್ಗೆ ಫ್ಲಾಸ್ಕ್ ಕದಡಿರುತ್ತದೆ. ಆ ಕೆಲಸಕ್ಕೆ 5ಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಅದೇ ಬ್ರಾತಿನಲ್ಲಿ ಸಿಡೆರೋಫೋರ್ (ಬ್ಯಾಕ್ಟೀರಿಯಾ ಕಬ್ಬಿಣ ಹಿಡಿಯಲು ಬಿಡುವ ಅಣು) ಹುಡುಕುತ್ತೇನೆ ಅಂದರೆ 5ಕ್ಕೆ ಒಂದು, ಅದೂ ಇನಾಕ್ಯುಲಮ್ (ಹೊಸ ಫ್ಲಾಸ್ಕಿಗೆ ಬಿತ್ತುವ ಕಲ್ಚರ್) ಬೆಳೆಸಿಕೊಡುತ್ತದೆ ಅನ್ನುವ ಮರ್ಯಾದೆಗೆ. ತಪ್ಪು ಪುಡಿಯದ್ದಲ್ಲ. ಇದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿದ್ದ ಕ್ಲಾಡ್ ಝೋಬೆಲ್ 1941ರಲ್ಲಿ ಪ್ರಕಟಿಸಿದ ಮೀಡಿಯಂ ಇದರ ಮೂಲ. ಕಡಲ ನೀರಿನಿಂದ ಆದಷ್ಟು ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಎದ್ದು ಬರಬೇಕು ಅನ್ನೋದು ಅದರ ಗುರಿ. ಹೊಟ್ಟೆ ತುಂಬಾ ಬಡಿಸುವುದೇ ಅದರ ಧರ್ಮ.

ಸಿಡೆರೋಫೋರ್ ಅನ್ನೋದು ಹಸಿದ ಬ್ಯಾಕ್ಟೀರಿಯಾ ಮಾಡುವ ವಸ್ತು. ನೀರಿನಲ್ಲಿ ಕಬ್ಬಿಣ ಸಾಲದೆ ಹೋದಾಗ ಕೋಶ ಈ ಪುಟ್ಟ ಅಣುಗಳನ್ನು ಹೊರಗೆ ಬಿಡುತ್ತದೆ. ಅವು ಫೆರಿಕ್ (ಮೂರು ಧನ ಆವೇಶದ) ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದು ತರುತ್ತವೆ, ಹೊರಪೊರೆಯ ರಿಸೆಪ್ಟರ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಕಬ್ಬಿಣ ಸಾಕಷ್ಟಾದ ಕೂಡಲೇ ಫರ್ ಎಂಬ ಪ್ರೋಟೀನು ಕಬ್ಬಿಣದ ಜೊತೆ ಸೇರಿ ಸಿಡೆರೋಫೋರ್ ಜೀನುಗಳ ಮೇಲೆ ಕೂತು ಕಾರ್ಖಾನೆ ಬಂದ್ ಮಾಡುತ್ತದೆ. ಆದ್ದರಿಂದ ಮೀಡಿಯಂನಲ್ಲಿ ಎಷ್ಟು ಕಬ್ಬಿಣ ಇದೆ ಅನ್ನುವುದೇ ಇಲ್ಲಿ ಮೊದಲ ಪ್ರಶ್ನೆ. ಉತ್ತರ ಡಬ್ಬಿಯ ಲೇಬಲ್ ಮೇಲೇ ಇದೆ, ಓದುವವರು ಕಡಿಮೆ.

ಲೇಬಲ್ ಓದಿ. ಲೀಟರಿಗೆ ಪೆಪ್ಟೋನ್ 5 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1 ಗ್ರಾಂ, ಸೋಡಿಯಂ ಕ್ಲೋರೈಡ್ 19.45 ಗ್ರಾಂ, ಆಮೇಲೆ ಸೋಡಿಯಂ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಬ್ರೋಮೈಡ್, ಸ್ಟ್ರಾನ್ಷಿಯಂ ಅಂತ ಕಡಲಿನ ಪೂರಾ ದಿನಸಿ ಪಟ್ಟಿ. ಅದರ ನಡುವೆ ಸದ್ದಿಲ್ಲದೆ ಕೂತಿದೆ ಫೆರಿಕ್ ಸಿಟ್ರೇಟ್, 0.1 ಗ್ರಾಂ. ಚಿಟಿಕೆಯಷ್ಟೇ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಸುಮಾರು 0.4 ಮಿಲಿಮೋಲಾರ್, ಅಂದರೆ 400 ಮೈಕ್ರೋಮೋಲಾರ್ ಕಬ್ಬಿಣ. ತೆರೆದ ಸಾಗರದ ಮೇಲ್ನೀರಿನಲ್ಲಿ ಕರಗಿದ ಕಬ್ಬಿಣ ಬಹಳ ಕಡೆ 0.2 ನ್ಯಾನೋಮೋಲಾರ್ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಎರಡಕ್ಕೂ ನಡುವೆ 20 ಲಕ್ಷ ಪಟ್ಟು ಅಂತರ. ಇಷ್ಟು ಬಡಿಸಿಟ್ಟು ಯಾರ ಹಸಿವನ್ನು ಅಳೆಯುವುದು? ಸಾಮಾನ್ಯವಾಗಿ ಕಬ್ಬಿಣ ಒಂದೆರಡು ಮೈಕ್ರೋಮೋಲಾರ್ ದಾಟುತ್ತಿದ್ದ ಹಾಗೆ ಇಳುವರಿ ಇಳಿಯಲು ಶುರು, ಹತ್ತಿಪ್ಪತ್ತಕ್ಕೆ ಬಹುತೇಕ ತಳಿಗಳಲ್ಲಿ ಅದು ನೆಲ ಕಚ್ಚಿರುತ್ತದೆ.

ಲೇಬಲ್ ವಿಷಯ ಬಂದಾಗ ಇನ್ನೊಂದು ಮಾತು. ಡಿಫ್ಕೋ ಬ್ರಾತ್ ಲೀಟರಿಗೆ 37.4 ಗ್ರಾಂ ತೂಗಿ ಅನ್ನುತ್ತದೆ, ಹೈಮೀಡಿಯಾದ್ದು 40.25 ಗ್ರಾಂ ಅನ್ನುತ್ತದೆ. ಒಂದರಲ್ಲಿ ಏನೋ ಜಾಸ್ತಿ ಇದೆ ಅಂತ ಗಾಬರಿಯಾಗಬೇಕಿಲ್ಲ. ಮೆಗ್ನೀಸಿಯಂ ಕ್ಲೋರೈಡನ್ನು ಒಂದು ಕಡೆ 5.9 ಗ್ರಾಂ, ಇನ್ನೊಂದು ಕಡೆ 8.8 ಗ್ರಾಂ ಅಂತ ಬರೆದಿದ್ದಾರೆ, ಬಾಕಿ ಪಟ್ಟಿ ಒಂದೇ. ಕಬ್ಬಿಣವೂ ಎರಡರಲ್ಲೂ ಅಷ್ಟೇ. ಬ್ರ್ಯಾಂಡ್ ಬದಲಿಸಿದರೆ ಸಿಡೆರೋಫೋರ್ ಬರುತ್ತದೆ ಅಂತ ಕಾಯುವುದು ದಂಡ.

ಇನ್ನು ಜುಗಾಡ್ ಮಾಡುವವರ ಸರದಿ. "ಬ್ರಾತ್ ಇದೇ ಇರಲಿ, ಡೈಪಿರಿಡಿಲ್ ಹಾಕಿ ಕಬ್ಬಿಣ ಕಟ್ಟಿಬಿಡೋಣ" ಅನ್ನುವ ಸಲಹೆ ಆಗಾಗ ಕೇಳಿಬರುತ್ತದೆ. 2,2'-ಡೈಪಿರಿಡಿಲ್ ಒಳ್ಳೆಯ ಸಾಧನವೇ, ಜಾಗ ತಪ್ಪಿದೆ ಅಷ್ಟೇ. ಒಂದು ಕಬ್ಬಿಣದ ಅಯಾನಿಗೆ ಮೂರು ಡೈಪಿರಿಡಿಲ್ ಬೇಕು. 400 ಮೈಕ್ರೋಮೋಲಾರ್ ಕಬ್ಬಿಣಕ್ಕೆ 1,200 ಮೈಕ್ರೋಮೋಲಾರ್. ಕಲ್ಚರಿನಲ್ಲಿ ಸಾಮಾನ್ಯವಾಗಿ ಬಳಸುವುದು 100ರಿಂದ 200. ಅದರ ಎಷ್ಟೋ ಪಟ್ಟು ಸುರಿದರೆ ಕೋಶ ಸಿಡೆರೋಫೋರ್ ಮಾಡುವ ಮೊದಲೇ ಉಸಿರು ಬಿಡುತ್ತದೆ, ಯಾಕಂದರೆ ಇದು ಪೊರೆ ದಾಟಿ ಒಳಗೂ ಹೋಗುತ್ತದೆ, ಸತು ತಾಮ್ರಗಳನ್ನೂ ಹಿಡಿಯುತ್ತದೆ. ಸಾಲದ್ದಕ್ಕೆ ಇದಕ್ಕೆ ಒಲವು ಫೆರಸ್ (ಎರಡು ಧನ ಆವೇಶದ) ಕಬ್ಬಿಣದ ಮೇಲೆ. ಬ್ರಾತಿನಲ್ಲಿರುವುದು ಫೆರಿಕ್ ಸಿಟ್ರೇಟ್. ಮೀಡಿಯಂ ತೆಳು ಗುಲಾಬಿಗೆ ತಿರುಗಿದರೆ ಅದು ಕಬ್ಬಿಣ-ಡೈಪಿರಿಡಿಲ್ ಸಂಯುಕ್ತ. 520 ನ್ಯಾನೋಮೀಟರ್ ಸುತ್ತ ಬೆಳಕು ಹೀರುವ ಈ ಬಣ್ಣ ಮುಂದಿನ ರೀಡಿಂಗುಗಳಲ್ಲೂ ತಲೆ ಹಾಕುತ್ತದೆ. ಮೊದಲೇ ಕಬ್ಬಿಣ ಕಡಿಮೆ ಇರುವ ಮೀಡಿಯಂನಲ್ಲಿ ಉಳಿದ ಚೂರುಪಾರು ಒರೆಸಲು ಮಾತ್ರ ಡೈಪಿರಿಡಿಲ್. ವಿಬ್ರಿಯೋಗಳಿಗೆ ಇಡಿಡಿಎಚ್‌ಎ ಇನ್ನೂ ಚೆನ್ನು. ಕಬ್ಬಿಣ ಕಟ್ಟುವ ಈ ಇನ್ನೊಂದು ರಾಸಾಯನಿಕ ಫೆರಿಕ್ ಕಬ್ಬಿಣವನ್ನೇ ಹಿಡಿಯುತ್ತದೆ. ಆದರೆ ಅಂಗಡಿಯ ಪುಡಿಯಲ್ಲೇ ಕಬ್ಬಿಣ ಬೆರೆತಿರುವುದುಂಟು, ಶುದ್ಧ ಮಾಡಿಯೇ ಬಳಸಬೇಕು.

ಈಗ ನಿಜವಾದ ಗುಂಡಿ. ಬಹಳ ಜನ ಬೀಳುವುದು ಇಲ್ಲೇ. ಮೀಡಿಯಂ ಬದಲಿಸಿದ್ದಾಯಿತು, ಕಬ್ಬಿಣವಿಲ್ಲದ ಹೊಸ ಬ್ರಾತ್ ತಯಾರಾಯಿತು. ಆದರೆ ಇನಾಕ್ಯುಲಮ್ ಎಲ್ಲಿಂದ? ರಾತ್ರಿ ಝೋಬೆಲ್‌ನಲ್ಲಿ ಬೆಳೆದದ್ದು. 100 ಮಿಲಿಗೆ 1 ಮಿಲಿ ಹಾಕಿದರೆ ಅದರ ಜೊತೆಗೇ 4 ಮೈಕ್ರೋಮೋಲಾರ್ ಕಬ್ಬಿಣ ಒಳಗೆ ಬಂತು. ಕೆಲವು ತಳಿಗಳ ಬಾಯಿ ಮುಚ್ಚಿಸಲು ಅಷ್ಟೇ ಸಾಕು. ಹೊರಗಿನದ್ದು ಹೀಗಾದರೆ, ಕೋಶದ ಒಳಗೆ ಬ್ಯಾಕ್ಟೀರಿಯೋಫೆರಿಟಿನ್‌ನಲ್ಲಿ ಕೂಡಿಟ್ಟ ದಾಸ್ತಾನು ಬೇರೆ. ಅದು ಕೆಲವು ತಲೆಮಾರಿಗೆ ಸಾಕಾಗುತ್ತದೆ. "ಈ ತಳಿ ಸಿಡೆರೋಫೋರ್ ಮಾಡುವುದಿಲ್ಲ" ಅಂತ ನೋಟ್‌ಬುಕ್ಕಿಗೆ ಇಳಿದ ಎಷ್ಟೋ ತೀರ್ಪುಗಳ ಹಿಂದೆ ಇರುವುದು ಈ 1 ಮಿಲಿ.

ಪರಿಹಾರಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ರಾತ್ರಿ ಕಲ್ಚರಿನಿಂದ 5 ಮಿಲಿ ತೆಗೆದು 5,000 ಜಿಯಲ್ಲಿ 10 ನಿಮಿಷ ತಿರುಗಿಸಿ. ದ್ರವ ಪೂರ್ತಿ ಸುರಿದು, ಗೋಡೆಗೆ ಅಂಟಿದ ಹನಿಯನ್ನೂ ಪಿಪೆಟ್‌ನಿಂದ ಎಳೆಯಿರಿ. ಕಬ್ಬಿಣವಿಲ್ಲದ ಉಪ್ಪು ನೀರಿನಲ್ಲಿ ಪೆಲೆಟ್ (ತಳದಲ್ಲಿ ಕೂತ ಕೋಶಗಳ ಮುದ್ದೆ) ಕಲಕಿ, ಮತ್ತೆ ತಿರುಗಿಸಿ, ಇನ್ನೊಂದು ಸಲ. ಬರಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದರೆ ಕಡಲ ಕೋಶಗಳು ಒಡೆದು ಹೋಗುತ್ತವೆ, ಪೆಲೆಟ್ ಲೋಳೆಯಂತೆ ಎಳೆ ಎಳೆಯಾದರೆ ಅದೇ ಆಗಿದೆ ಅಂತ ಅರ್ಥ. ತೊಳೆದದ್ದನ್ನು ಕಡಿಮೆ ಕಬ್ಬಿಣದ ಮೀಡಿಯಂಗೆ ಹಾಕಿ, ಬೆಳೆದ ಮೇಲೆ ಅದರಿಂದ ಅದೇ ಮೀಡಿಯಂಗೆ ಇನ್ನೊಮ್ಮೆ ದಾಟಿಸಿ. ಎರಡು ಮೂರು ದಾಟಿನ ನಂತರದ ಫ್ಲಾಸ್ಕ್‌ನಲ್ಲೇ ಅಳತೆ. ಪ್ರತಿ ದಾಟಿಗೆ ಬೆಳವಣಿಗೆ ಸ್ವಲ್ಪ ಮಂಕಾಗುತ್ತದೆ. ಅದು ಒಳ್ಳೆಯ ಲಕ್ಷಣ.

ಹಾಗಾದರೆ ಝೋಬೆಲ್ ಬದಲು ಏನು? ಸಕ್ಸಿನೇಟ್ ಇರುವ ಸರಳ ಕೃತಕ ಕಡಲ ನೀರು. ಲೀಟರಿಗೆ ಸೋಡಿಯಂ ಕ್ಲೋರೈಡ್ 15.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.75, ಅಮೋನಿಯಂ ಕ್ಲೋರೈಡ್ 1, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 3, ಸಕ್ಸಿನಿಕ್ ಆಸಿಡ್ 5 ಗ್ರಾಂ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.0ಕ್ಕೆ ತಂದು ಆಟೋಕ್ಲೇವ್. ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.2 ಗ್ರಾಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.1 ಗ್ರಾಂ ಎರಡನ್ನೂ ಬೇರೆ ಬೇರೆ ಸ್ಟಾಕ್ ಮಾಡಿ, ಮೀಡಿಯಂ ತಣ್ಣಗಾದ ಮೇಲೆ ಸೇರಿಸಬೇಕು. ಒಟ್ಟಿಗೇ ಕುದಿಸಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಕ್ಯಾಲ್ಸಿಯಂ ಫಾಸ್ಫೇಟ್; ಲೋಹಗಳನ್ನೂ ತನ್ನ ಜೊತೆ ಎಳೆದುಕೊಂಡು ಕೂರುತ್ತದೆ, ಕದಡಿನಿಂದ ಬೆಳವಣಿಗೆ ಅಳೆಯುವ ಓಡಿ 600 ರೀಡಿಂಗನ್ನೂ ಸುಮ್ಮನೆ ಏರಿಸುತ್ತದೆ. ಗಸಿಯ ಕಾಟ ಬಿಡದಿದ್ದರೆ ಫಾಸ್ಫೇಟ್ ಜಾಗಕ್ಕೆ ಸೋಡಿಯಂ ಗ್ಲಿಸೆರೋಫಾಸ್ಫೇಟ್ ಹಾಕಿ.

ಈ ಮೀಡಿಯಂಗೂ ದೋಷಗಳಿವೆ. ಮೆಗ್ನೀಸಿಯಂ ಒಂದು ಮಿಲಿಮೋಲಾರ್ ಒಳಗೇ ಇದೆ, ಕಡಲಲ್ಲಿರುವುದು 50ಕ್ಕೂ ಮೇಲೆ. ಕೆಲವು ತಳಿಗಳು ಇಲ್ಲಿ ಕುಂಟುತ್ತವೆ. ಅದು ಕಬ್ಬಿಣದ ಹಸಿವು ಅಂದುಕೊಂಡರೆ ಮೋಸ ಹೋದ ಹಾಗೆ. ಸಕ್ಸಿನೇಟ್ ತಿಂದಂತೆಲ್ಲ ಪಿಎಚ್ ಏರುತ್ತದೆ, 48 ಗಂಟೆಗೆ 8 ದಾಟಿದರೂ ಆಶ್ಚರ್ಯವಿಲ್ಲ. ಅಮೈನೋ ಆಸಿಡ್ ಬೇಡುವ ತಳಿ ಬೆಳೆಯುವುದೇ ಇಲ್ಲ. ಆಗ ಕ್ಯಾಸಮಿನೋ ಆಸಿಡ್ 0.1ರಿಂದ 0.5 ಶೇಕಡ ಸೇರಿಸುವ ರೂಢಿ ಇದೆ, ಬೆಳವಣಿಗೆ ಚುರುಕಾಗುತ್ತದೆ, ಆದರೆ ಅದರ ಜೊತೆ ಕಬ್ಬಿಣದ ಕೊಳೆಯೂ ಬರುತ್ತದೆ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಂತೂ ಇನ್ನೂ ಕೊಳಕು. ಇಂಗಾಲಕ್ಕೆ ಸಿಟ್ರೇಟ್ ಮಾತ್ರ ಬೇಡವೇ ಬೇಡ: ಅದೇ ಒಂದು ದುರ್ಬಲ ಕಬ್ಬಿಣ ಹಿಡಿಯುವ ಅಣು, ಪರೀಕ್ಷೆಯ ಬಣ್ಣವನ್ನು ಬ್ಯಾಕ್ಟೀರಿಯಾ ಇಲ್ಲದೆಯೇ ಬದಲಿಸಿ ಕೂರುತ್ತದೆ. ಪಾಚಿಗೆಂದು ಮಾಡಿದ ಆಕ್ವಿಲ್ ಥರದ ಮೀಡಿಯಂಗಳಲ್ಲಿರುವ ಇಡಿಟಿಎಗೂ ಇದೇ ಮಾತು.

ಉಪ್ಪಿನ ಡಬ್ಬಿಯನ್ನೂ ತಿರುಗಿಸಿ ನೋಡಿ. ಕಬ್ಬಿಣ ಗರಿಷ್ಠ 0.0002 ಶೇಕಡ ಅಂತ ಬರೆದಿದ್ದರೆ ಬಹಳ ಶುದ್ಧ ಅನ್ನಿಸುತ್ತದೆ. ಲೀಟರಿಗೆ 25 ಗ್ರಾಂ ಹಾಕುವವರಿಗೆ ಅದು 50 ಮೈಕ್ರೋಗ್ರಾಂ, ಅಂದರೆ ಸುಮಾರು 0.9 ಮೈಕ್ರೋಮೋಲಾರ್ ಕಬ್ಬಿಣ. ಉಪ್ಪೊಂದೇ ಇಷ್ಟು. ಸ್ಟೀಲ್ ಸ್ಪ್ಯಾಚುಲಾ, ತುಕ್ಕು ಹಿಡಿದ ಆಟೋಕ್ಲೇವಿನ ಹಬೆ, ಹಳೆಯ ಗಾಜಿನ ಫ್ಲಾಸ್ಕ್ ಇವೆಲ್ಲ ತಮ್ಮ ಪಾಲು ಸೇರಿಸುತ್ತವೆ. ಪಾಲಿಕಾರ್ಬೊನೇಟ್ ಫ್ಲಾಸ್ಕ್, ಪ್ಲಾಸ್ಟಿಕ್ ಚಮಚ, 10 ಶೇಕಡ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದು ರಾತ್ರಿ ನೆನೆಸಿ ಶುದ್ಧ ನೀರಿನಲ್ಲಿ ಐದಾರು ಸಲ ತೊಳೆಯುವುದು, ಇಷ್ಟಕ್ಕೆ ಬಹುಪಾಲು ಕೆಲಸ ಆಗುತ್ತದೆ. ಹತ್ತಿರದ ಕಡಲ ನೀರು ತಂದು ಸೋಸಿ ಬಳಸುತ್ತೇವೆ ಅನ್ನುವವರು ಎಲ್ಲಿಂದ ತರುತ್ತೀರಿ ನೋಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳು ಕಡಲಿಗೆ ಇಳಿಸುವ ಕೆಂಪು ನೀರು ಮುರಕಲ್ಲು ಸೀಮೆಯದ್ದು. ಆ ಕೆಂಪೇ ಕಬ್ಬಿಣ.

ಚೆಲೆಕ್ಸ್ 100 ಬಗ್ಗೆ ಎಲ್ಲರೂ ಕೇಳುತ್ತಾರೆ. ಬಯೋ-ರಾಡ್‌ನ ಈ ರೆಸಿನ್ ಇಮಿನೋಡೈಅಸಿಟೇಟ್ ಗುಂಪುಗಳಿಂದ ಲೋಹ ಹಿಡಿಯುತ್ತದೆ. ಕೆಲಸ ಮಾಡುತ್ತದೆ, ದುಬಾರಿ, ಮತ್ತು ತಪ್ಪಾಗಿ ಬಳಸುವುದು ಬಲು ಸುಲಭ. ತಯಾರಾದ ಕಡಲ ನೀರನ್ನು ನೇರ ಇದರ ಮೇಲೆ ಸುರಿದರೆ ಕಬ್ಬಿಣಕ್ಕಿಂತ ಮೊದಲು ಮೆಗ್ನೀಸಿಯಂ, ಕ್ಯಾಲ್ಸಿಯಂ ಬಂದು ಕುರ್ಚಿ ಹಿಡಿಯುತ್ತವೆ. ರೆಸಿನ್ ಸಾಮರ್ಥ್ಯ ಮಿಲಿಗೆ ಸುಮಾರು 0.4 ಮಿಲಿಈಕ್ವಿವಲೆಂಟ್. ಒಂದು ಲೀಟರ್ ಪೂರ್ಣ ಕಡಲ ನೀರಿನ ಈ ಎರಡು ಲೋಹಗಳೇ 126ರಷ್ಟು; ಅಂದರೆ 300 ಮಿಲಿಗೂ ಹೆಚ್ಚು ರೆಸಿನ್ ಅವಕ್ಕೇ ತುಂಬಿಹೋಗುತ್ತದೆ. ಅದಕ್ಕೇ ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ಫಾಸ್ಫೇಟ್, ಸಕ್ಸಿನೇಟ್ ಇರುವ ದ್ರಾವಣವನ್ನು ಮಾತ್ರ ಚೆಲೆಕ್ಸ್‌ನಲ್ಲಿ ಹಾಯಿಸಿ, ಮೆಗ್ನೀಸಿಯಂ ಕ್ಯಾಲ್ಸಿಯಂ ಎರಡನ್ನೂ ಹೆಚ್ಚು ಶುದ್ಧ ಉಪ್ಪಿನಿಂದ ಆಮೇಲೆ ಸೇರಿಸುವುದು. 100 ಮಿಲಿಗೆ 5 ಗ್ರಾಂ ಹಾಕಿ ಒಂದೆರಡು ಗಂಟೆ ನಿಧಾನ ಕಲಕಿದರೂ ಆಗುತ್ತದೆ, ಕಾಲಮ್ ಮಾಡಿದರೆ ಇನ್ನೂ ಚೆನ್ನು. ಸೋಡಿಯಂ ರೂಪದ ರೆಸಿನ್ ಪಿಎಚ್ ಏರಿಸುತ್ತದೆ, ಆದ್ದರಿಂದ ಪಿಎಚ್ ಹೊಂದಿಸುವುದು ಹಾಯಿಸಿದ ಮೇಲೆ. ಹೊಸ ರೆಸಿನ್ ತೊಳೆಯದೆ ಬಳಸಿದರೆ ಅದರಿಂದಲೇ ಚೆಲೇಟ್ ಮಾಡುವ ಚೂರುಗಳು ಮೀಡಿಯಂಗೆ ಸೋರುತ್ತವೆ. ಆಮೇಲೆ ಅವೇ ಸಿಡೆರೋಫೋರ್ ವೇಷ ಹಾಕುತ್ತವೆ.

ನಮ್ಮ ಅಭಿಪ್ರಾಯ ಹೇಳುವುದಾದರೆ, ಹೊಸದಾಗಿ ಶುರು ಮಾಡುವವರು ಚೆಲೆಕ್ಸ್ ಕೊನೆಗೆ ಕೊಳ್ಳಲಿ. ತೊಳೆದ ಇನಾಕ್ಯುಲಮ್, ಆಸಿಡ್ ತೊಳೆದ ಪ್ಲಾಸ್ಟಿಕ್, ಸಕ್ಸಿನೇಟ್ ಮೀಡಿಯಂ ಇಷ್ಟಿದ್ದರೆ ತಳಿಗಳನ್ನು ಜರಡಿ ಹಿಡಿಯಲು ಸಾಕು. ಜೊತೆಗೆ ಒಂದು ಫ್ಲಾಸ್ಕ್‌ಗೆ ಫೆರಿಕ್ ಕ್ಲೋರೈಡ್ 20 ಮೈಕ್ರೋಮೋಲಾರ್ ಹಾಕಿ ಪಕ್ಕದಲ್ಲೇ ಬೆಳೆಸಲೇಬೇಕು. ಕಬ್ಬಿಣ ಹಾಕಿದ್ದು ಹೆಚ್ಚು ಬೆಳೆದು, ಅದರ ಸಿಡೆರೋಫೋರ್ ಸಿಗ್ನಲ್ ಇಳಿದರೆ ಮಾತ್ರ ಇನ್ನೊಂದು ಫ್ಲಾಸ್ಕ್ ಹಸಿದಿತ್ತು ಅಂತ ನಂಬಬಹುದು. ಎರಡೂ ಒಂದೇ ಥರ ಬೆಳೆದರೆ ಎಲ್ಲೋ ಕಬ್ಬಿಣ ಸೋರುತ್ತಿದೆ.

ಅಳತೆಗೆ ಬರೋಣ. 1987ರ ಶ್ವಿನ್-ನೀಲಾಂಡ್ಸ್ ಸಿಎಎಸ್ ಪರೀಕ್ಷೆ ಇವತ್ತಿಗೂ ಚಾಲ್ತಿಯಲ್ಲಿದೆ. ಕ್ರೋಮ್ ಅಝುರಾಲ್ ಎಸ್ (ಸಿಎಎಸ್) ಎಂಬ ಬಣ್ಣ, ಕಬ್ಬಿಣ, ಎಚ್‌ಡಿಟಿಎಂಎ ಸೇರಿದ ನೀಲಿಯಿಂದ ಸಿಡೆರೋಫೋರ್ ಕಬ್ಬಿಣ ಕಿತ್ತುಕೊಂಡರೆ ಬಣ್ಣ ಕಿತ್ತಳೆಗೆ ತಿರುಗುತ್ತದೆ. ಪ್ಲೇಟಿಗೆ: 60.5 ಮಿಲಿಗ್ರಾಂ ಸಿಎಎಸ್ 50 ಮಿಲಿ ನೀರಿನಲ್ಲಿ, ಅದಕ್ಕೆ 1 ಮಿಲಿಮೋಲಾರ್ ಫೆರಿಕ್ ಕ್ಲೋರೈಡ್ (10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದ್ದು) 10 ಮಿಲಿ, 72.9 ಮಿಲಿಗ್ರಾಂ ಎಚ್‌ಡಿಟಿಎಂಎ 40 ಮಿಲಿ ಬಿಸಿ ನೀರಿನಲ್ಲಿ ಕರಗಿಸಿ, ಇದನ್ನು ಕಲಕುತ್ತಾ ಮೊದಲಿನದ್ದನ್ನು ಸಣ್ಣ ಧಾರೆಯಲ್ಲಿ ಸೇರಿಸುವುದು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಈ 100 ಮಿಲಿ, ಪೈಪ್ಸ್ ಬಫರ್ ಹಾಕಿದ 900 ಮಿಲಿ ಅಗರ್‌ಗೆ, ಪಿಎಚ್ 6.8.

ಇಲ್ಲಿ ಝೋಬೆಲ್ ಅಗರ್‌ಗೆ ಬಣ್ಣ ಬೆರೆಸಿ ಹಣ ಉಳಿಸುವವರಿದ್ದಾರೆ. ಲೆಕ್ಕ ನೋಡಿ: ಒಂದು ಲೀಟರ್ ಸಿಎಎಸ್ ಪ್ಲೇಟಿನ ಬಣ್ಣದಲ್ಲಿರುವ ಕಬ್ಬಿಣ 10 ಮೈಕ್ರೋಮೋಲಾರ್. ಅದರ 40 ಪಟ್ಟು ಝೋಬೆಲ್‌ನಲ್ಲೇ ಇದೆ, ಮೇಲಿಂದ ಸಿಟ್ರೇಟ್ ಬೇರೆ. ಆ ಪ್ಲೇಟ್ ಏನು ತೋರಿಸಿದರೂ ಅರ್ಥವಿಲ್ಲ. ಎಚ್‌ಡಿಟಿಎಂಎ ಸೋಪಿನ ಜಾತಿಯದ್ದು, ಗ್ರಾಮ್ ಪಾಸಿಟಿವ್‌ಗಳನ್ನು ಮಾತ್ರವಲ್ಲ, ಸೂಕ್ಷ್ಮವಾದ ಕಡಲ ತಳಿಗಳನ್ನೂ ಕೊಲ್ಲುತ್ತದೆ. ಪ್ಲೇಟಿನಲ್ಲಿ ಕಾಲೊನಿಯೇ ಬರಲಿಲ್ಲ ಅಂದರೆ ಓವರ್‌ಲೇ ಮಾಡಿ. ಮೊದಲು ಕಡಿಮೆ ಕಬ್ಬಿಣದ ಅಗರ್‌ನಲ್ಲಿ ಬೆಳೆಸಿ, ಮೇಲೆ 0.9 ಶೇಕಡ ಅಗರೋಸ್ ಇರುವ ಸಿಎಎಸ್ ಪದರ ಹೊಯ್ಯುವುದು. ಕಡಲ ಮೀಡಿಯಂನ ಪಿಎಚ್ 8ರ ಹತ್ತಿರ ಇಟ್ಟರೆ ನೀಲಿ ತಾನಾಗಿಯೇ ಹಸಿರಿಗೆ ತಿರುಗುತ್ತದೆ. ಕಾಲೊನಿಯ ಸುತ್ತ ಮಾತ್ರವಲ್ಲ, ಇಡೀ ಪ್ಲೇಟ್ ಹಸಿರಾದರೆ ಅದು ಸಿಡೆರೋಫೋರ್ ಅಲ್ಲ.

ದ್ರವ ಪರೀಕ್ಷೆಯಲ್ಲಿ ಅರ್ಧ ಮಿಲಿ ಕೋಶ ತೆಗೆದ ಕಲ್ಚರ್ ದ್ರವ, ಅಂದರೆ ಸೂಪರ್‌ನೇಟೆಂಟ್‌ಗೆ ಅರ್ಧ ಮಿಲಿ ಸಿಎಎಸ್ ದ್ರಾವಣ, 630 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಹೋಲಿಕೆಗೆ ಇಡಬೇಕಾದದ್ದು ನೀರಲ್ಲ, ಬ್ಯಾಕ್ಟೀರಿಯಾ ಹಾಕದ ಅದೇ ಮೀಡಿಯಂ. ಮೇಲಿನ ಸಕ್ಸಿನೇಟ್ ಸೂತ್ರದಲ್ಲಿ 21 ಮಿಲಿಮೋಲಾರ್ ಫಾಸ್ಫೇಟ್ ಇದೆ. ಅದೊಂದೇ ನೀಲಿಯನ್ನು ಸ್ವಲ್ಪ ಇಳಿಸುತ್ತದೆ. ನೀರಿಟ್ಟು ಹೋಲಿಸಿದವರಿಗೆ ಎಲ್ಲಾ ತಳಿಗಳೂ ಪಾಸಿಟಿವ್. ಹೈಡ್ರಾಕ್ಸಮೇಟ್ ಜಾತಿಯ ಸಿಡೆರೋಫೋರ್‌ಗಳು ಕಬ್ಬಿಣ ಕಿತ್ತುಕೊಳ್ಳುವುದು ನಿಧಾನ, ದ್ರಾವಣದಲ್ಲಿ 4 ಮಿಲಿಮೋಲಾರ್ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಇದ್ದರೆ ಬೇಗ ಮುಗಿಯುತ್ತದೆ. ದ್ರಾವಣದ ಕಬ್ಬಿಣ 15 ಮೈಕ್ರೋಮೋಲಾರ್ ಮಾತ್ರ, ಆದ್ದರಿಂದ ಸ್ಯಾಂಪಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಸಿಡೆರೋಫೋರ್ ಇದ್ದರೆ ಕಿತ್ತುಕೊಳ್ಳಲು ಏನೂ ಉಳಿದಿರುವುದಿಲ್ಲ, ಎರಡು ಒಳ್ಳೆಯ ತಳಿಗಳು ಒಂದೇ ಸಂಖ್ಯೆ ತೋರಿಸುತ್ತವೆ. ತೆಳು ಮಾಡಿ ಮತ್ತೆ ಓದಿ, ಪರಿಚಿತ ಸಿಡೆರೋಫೋರ್ ಆದ ಡೆಸ್ಫೆರಾಕ್ಸಮೀನ್‌ನಿಂದ ಸ್ಟ್ಯಾಂಡರ್ಡ್ ಕರ್ವ್ ಎಳೆದುಕೊಳ್ಳಿ. ನೀಲಿ ಎಷ್ಟು ಇಳಿಯಿತು ಅನ್ನುವ ಶೇಕಡ ಯೂನಿಟ್ಟನ್ನು ಓಡಿ 600ರಿಂದ ಭಾಗಿಸದೆ ಮೀಡಿಯಂಗಳನ್ನು ಹೋಲಿಸಬೇಡಿ. ಈ ದ್ರಾವಣವನ್ನು ಫ್ರಿಜ್ಜಿಗೆ ಇಡಬೇಡಿ, ಎಚ್‌ಡಿಟಿಎಂಎ ಹರಳುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಮೇಜಿನ ಮೇಲೇ ಬಿಳಿ ಸೂಜಿಗಳು ಕಂಡರೆ 35 ಡಿಗ್ರಿ ನೀರಿನಲ್ಲಿ ಇಟ್ಟು ಕರಗಿಸಿ.

ಕೊನೆಗೆ, ಕಡಲ ಸಿಡೆರೋಫೋರ್‌ಗಳ ಎರಡು ವಿಚಿತ್ರ ಗುಣ ಮರೆತರೆ ಇಷ್ಟೆಲ್ಲ ಮಾಡಿಯೂ ಕೈಗೆ ಬರುವುದು ಕಡಿಮೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಆಲಿಸನ್ ಬಟ್ಲರ್ ತಂಡ ವಿವರಿಸಿದ ಆಕ್ವಾಕೆಲಿನ್, ಮರಿನೋಬ್ಯಾಕ್ಟಿನ್, ಆಂಫಿಬ್ಯಾಕ್ಟಿನ್‌ಗಳಿಗೆ ಕೊಬ್ಬಿನಾಮ್ಲದ ಬಾಲ ಇದೆ. ವಿಬ್ರಿಯೋ ಮಾಡುವ ಆಂಫಿಬ್ಯಾಕ್ಟಿನ್‌ಗೆ ತಲೆ ಚಿಕ್ಕದು, ನಾಲ್ಕೇ ಅಮೈನೋ ಆಸಿಡ್, ಬಾಲ ಉದ್ದ. ಅದು ನೀರಿಗೆ ಬರುವುದಕ್ಕಿಂತ ಕೋಶಕ್ಕೇ ಅಂಟಿಕೊಳ್ಳುತ್ತದೆ. ಸೂಪರ್‌ನೇಟೆಂಟ್ ಮಾತ್ರ ಪರೀಕ್ಷಿಸಿ ಪೆಲೆಟ್ ಬ್ಲೀಚಿಗೆ ಎಸೆದರೆ ಸರಕು ಹೋಯಿತು. ಪೆಲೆಟ್ಟನ್ನು ಮೆಥನಾಲ್‌ನಲ್ಲಿ ಕಲಕಿ, ರಾತ್ರಿ ಅಲುಗಾಡಿಸಿ, ತಿರುಗಿಸಿ, ಮೇಲಿನದ್ದನ್ನು ಒಣಗಿಸಿ ನೀರಿನಲ್ಲಿ ಕರಗಿಸಿ ಪರೀಕ್ಷಿಸಿ. ಸೂಪರ್‌ನೇಟೆಂಟ್ ಪಾಲು ಎಕ್ಸ್‌ಎಡಿ ರೆಸಿನ್ ಮೇಲೆ ಹಿಡಿದು, ನೀರಿನಲ್ಲಿ ಉಪ್ಪು ತೊಳೆದು, ಮೆಥನಾಲ್‌ನಲ್ಲಿ ಇಳಿಸುವುದು ರೂಢಿ. ಆದರೆ ವಿಬ್ರಿಯೋಫೆರಿನ್‌ನಂಥ ನೀರು ಪ್ರಿಯ ಅಣುಗಳು ಆ ರೆಸಿನ್ನಿಗೆ ಸರಿಯಾಗಿ ಅಂಟದೆ ತೊಳೆಯುವ ನೀರಿನಲ್ಲೇ ಹೊರಟುಹೋಗುತ್ತವೆ, ಹಾಗಾಗಿ ಆ ನೀರನ್ನೂ ಸಿಎಎಸ್‌ಗೆ ಹಾಕಿ ನೋಡಿ. ಕಲ್ಚರ್ ಬಹಳ ದಿನ ಬಿಟ್ಟರೆ ಕೆಲವು ಮರಿನೋಬ್ಯಾಕ್ಟರ್‌ಗಳು ತಾವು ಮಾಡಿದ ಅಣುವಿನ ಬಾಲವನ್ನು ತಾವೇ ಕತ್ತರಿಸುತ್ತವೆ. ಅದಕ್ಕೆ 12, 24, 36, 48, 72 ಗಂಟೆಗೆ ಒಂದೊಂದು ಸ್ಯಾಂಪಲ್ ತೆಗೆಯಿರಿ. ಇನ್ನೊಂದು ಗುಣ ಬೆಳಕಿನದ್ದು: ಆಕ್ವಾಕೆಲಿನ್‌ನಲ್ಲಿರುವ ಬೀಟಾ-ಹೈಡ್ರಾಕ್ಸಿ ಆಸ್ಪಾರ್ಟೇಟ್, ಫೆರಿಕ್ ಕಬ್ಬಿಣ ಹಿಡಿದುಕೊಂಡಿರುವಾಗ ಸೂರ್ಯನ ಬೆಳಕು ಬಿದ್ದರೆ, ಮುರಿಯುತ್ತದೆ. ಕಿಟಕಿ ಪಕ್ಕದ ಶೇಕರ್‌ನಲ್ಲಿದ್ದ ಫ್ಲಾಸ್ಕ್‌ಗೂ ಮೂಲೆಯ ಫ್ಲಾಸ್ಕ್‌ಗೂ ಲೆಕ್ಕ ಹೊಂದದಿದ್ದರೆ ಮೀಡಿಯಂ ಮೇಲೆ ತಪ್ಪು ಹಾಕುವ ಮೊದಲು ಎರಡಕ್ಕೂ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಇನ್ನೊಮ್ಮೆ ಬೆಳೆಸಿ ನೋಡಿ.